ಪೂರ್ವಪಕ್ಷ ಯಾರದು, ಸಿದ್ಧಾಂತ ಯಾರದು?

ಕನ್ನಡ ಮಾಧ್ಯಮದಲ್ಲಿ ಪದವಿಯವರೆಗೆ ಓದಿ ಸಮಾಜಶಾಸ್ತ್ರದ ಸ್ನಾತಕೋತ್ತರ ತರಗತಿಗೆ ಬರುವ ವಿದ್ಯಾರ್ಥಿಗಳ ಕಷ್ಟವನ್ನು ನಾವು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇವೆ: ‘ಅವರಿಗೆ ಇಂಗ್ಲಿಷ್ ಬರುವುದಿಲ್ಲ’. ವಿಭಾಗದ ಸಭೆಗಳಲ್ಲಿ, ಸಂದರ್ಶನ ಸಮಿತಿಗಳಲ್ಲಿ, ಮೌಲ್ಯಮಾಪನ ಕೇಂದ್ರಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಬಂದುಹೋಗುತ್ತದೆಂದರೆ, ಅದನ್ನು ಪರೀಕ್ಷಿಸಿ ನೋಡುವ ಅಗತ್ಯ ಯಾರಿಗೂ ಕಂಡಂತಿಲ್ಲ. ಹಲವು ವರ್ಷ ಈ ವಿಷಯವನ್ನು ಬೋಧಿಸಿದ ಅನುಭವದಿಂದ ಹೇಳುವುದಾದರೆ, ಈ ನಿದಾನ ಅರ್ಧ ಮಾತ್ರ ಸರಿ. ಪದಗಳ ಅರ್ಥ ತಿಳಿಯದಿದ್ದರೆ ನಿಘಂಟು ಇದೆ. ಈಗಂತೂ ಕೈಯಲ್ಲಿರುವ ಮೊಬೈಲ್ ಫೋನೇ ಇಡೀ ಪುಟವನ್ನು ಕ್ಷಣಾರ್ಧದಲ್ಲಿ ಕನ್ನಡಕ್ಕೆ ತಿರುಗಿಸಿಕೊಡುತ್ತದೆ. ಆದರೂ ವಿದ್ಯಾರ್ಥಿ ಲೇಖನವನ್ನು ತಪ್ಪಾಗಿಯೇ ಓದುತ್ತಾನೆ. ಏಕೆಂದರೆ ಅವನಿಗೆ ಎಟುಕದೆ ಉಳಿದಿರುವುದು ಪದಗಳಾಚೆಗಿನ ಒಂದು ಸಂಗತಿ: ವಾದದ ಕಟ್ಟಡ.

ಒಂದು ಉದಾಹರಣೆ ಕೊಡುತ್ತೇನೆ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಗೋಷ್ಠಿಯಲ್ಲಿ, ಇಪ್ಪತ್ತೈದರ ಹರೆಯದ ಭೀಮರಾವ್ ಅಂಬೇಡ್ಕರ್ ‘ಕಾಸ್ಟ್ಸ್ ಇನ್ ಇಂಡಿಯಾ’ ಎಂಬ ಪ್ರಬಂಧ ಮಂಡಿಸಿದರು. ಮರುವರ್ಷ ಅದು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾಯಿತು. ನಮ್ಮ ಪಠ್ಯಗಳಲ್ಲಿ ಅದರ ಪ್ರಸ್ತಾಪ ತಪ್ಪದೆ ಬರುತ್ತದೆ. ಆ ಪ್ರಬಂಧವನ್ನು ಮೂಲದಲ್ಲಿಯೇ ಓದಿಕೊಂಡು ಬಂದ ವಿದ್ಯಾರ್ಥಿಯೊಬ್ಬ, ಶ್ರದ್ಧಾವಂತನೇ, ‘ಮಡಿಮೈಲಿಗೆಯೇ ಜಾತಿಯ ಮೂಲ ಲಕ್ಷಣವೆಂದು ಅಂಬೇಡ್ಕರ್ ಹೇಳುತ್ತಾರೆ’ ಎಂದು ಬರೆದಿದ್ದ. ಅಂಬೇಡ್ಕರ್ ಹೇಳಿದ್ದು ಇದಕ್ಕೆ ವಿರುದ್ಧವಾದದ್ದು. ಮೈಲಿಗೆಯ ಕಲ್ಪನೆಗೆ ಪ್ರಾಧಾನ್ಯ ಕೊಟ್ಟವರು ಫ್ರೆಂಚ್ ವಿದ್ವಾಂಸ ಸೆನಾರ್. ಅಂಬೇಡ್ಕರ್ ಆ ಅಭಿಪ್ರಾಯವನ್ನು ಮೊದಲು ನ್ಯಾಯವಾಗಿ ಮಂಡಿಸಿ, ಬಳಿಕ ಮೈಲಿಗೆಯೆಂಬುದು ಪೌರೋಹಿತ್ಯ ಇರುವ ಕಡೆಯಲ್ಲೆಲ್ಲ ಕಾಣುವಂಥದು, ಜಾತಿಗೆ ಮಾತ್ರ ವಿಶಿಷ್ಟವಾದದ್ದಲ್ಲ ಎಂದು ಬದಿಗಿಡುತ್ತಾರೆ. ವಿದ್ಯಾರ್ಥಿ ಮಂಡನೆಯನ್ನು ಓದಿದ. ಅದು ಖಂಡನೆಗಾಗಿ ಮಾಡಿದ ಮಂಡನೆ ಎಂಬುದು ಅವನಿಗೆ ಕಾಣಲಿಲ್ಲ. ಅಂಬೇಡ್ಕರರನ್ನು ತನ್ನ ದಾರಿದೀಪವೆಂದು ನಂಬಿದ ಯುವಕ, ಅವರು ತಳ್ಳಿಹಾಕಿದ ಮಾತನ್ನೇ ಅವರ ಬಾಯಿಗೆ ತುರುಕಿದ. ಇದನ್ನು ಕೇವಲ ಇಂಗ್ಲಿಷಿನ ತಪ್ಪು ಎನ್ನಲಾಗದು. ಅದೇ ಭಾಗವನ್ನು ಕನ್ನಡ ಅನುವಾದದಲ್ಲಿ ಓದಿದ ಸಹಪಾಠಿಗಳಲ್ಲಿಯೂ ಕೆಲವರು ಅದೇ ತಪ್ಪು ಮಾಡಿದ್ದರು.

ಶಾಸ್ತ್ರೀಯ ಲೇಖನವೊಂದು ಮಾಹಿತಿಯ ಮೂಟೆಯಲ್ಲ. ಅದು ಈಗಾಗಲೇ ನಡೆಯುತ್ತಿರುವ ಒಂದು ಸಂವಾದದ ನಡುವೆ ಪ್ರವೇಶಿಸಿ ಮಾತು ಆರಂಭಿಸುತ್ತದೆ. ಅಂಬೇಡ್ಕರರ ಪ್ರಬಂಧವನ್ನೇ ಮತ್ತೆ ನೋಡೋಣ. ಮೊದಲು ಸೆನಾರ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರ್ ಈ ನಾಲ್ವರ ವ್ಯಾಖ್ಯೆಗಳು ಎದುರು ಬಂದು ನಿಲ್ಲುತ್ತವೆ. ಹೊರಗಿನವರೊಡನೆ ಸಹಭೋಜನ ಮಾಡದಿರುವುದು ಜಾತಿಯ ಪರಿಣಾಮ, ಅದನ್ನು ನೆಸ್‌ಫೀಲ್ಡ್ ಕಾರಣವೆಂದು ಭಾವಿಸಿದ್ದಾರೆ ಎಂಬ ಆಕ್ಷೇಪ ಬರುತ್ತದೆ. ಕೇತ್ಕರರ ವ್ಯಾಖ್ಯೆ ಉಳಿದವುಗಳಿಗಿಂತ ಮೇಲೆಂದು ಒಪ್ಪಿಕೊಂಡೇ, ಅವರು ಹೇಳುವ ಎರಡು ಲಕ್ಷಣಗಳು ಒಂದೇ ನಾಣ್ಯದ ಎರಡು ಮುಖಗಳೆಂದು ತೋರಿಸಲಾಗುತ್ತದೆ. ಹೊರವಿವಾಹವನ್ನು ನಿಷೇಧಿಸಿದ ಮೇಲೆ ಸದಸ್ಯತ್ವ ಹುಟ್ಟಿಗೆ ಸೀಮಿತವಾಗಲೇಬೇಕಲ್ಲ! ಹೀಗೆ ಸೋಸಿದ ಮೇಲೆ ಉಳಿಯುವ ಸಾರ ಒಂದೇ: ಒಳವಿವಾಹ. ಆ ಒಳವಿವಾಹವನ್ನು ಕಾಪಾಡಲು ಗಂಡುಹೆಣ್ಣುಗಳ ಸಂಖ್ಯೆಯ ಸಮತೋಲ ಬೇಕು. ಗಂಡ ಸತ್ತು ಉಳಿದ ಹೆಣ್ಣು ಈ ಸಮತೋಲವನ್ನು ಕೆಡಿಸುತ್ತಾಳೆ, ಹೆಂಡತಿ ಸತ್ತು ಉಳಿದ ಗಂಡೂ ಕೆಡಿಸುತ್ತಾನೆ. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಈ ಮೂರೂ ಆ ಲೆಕ್ಕವನ್ನು ಸರಿದೂಗಿಸಲು ಹುಟ್ಟಿಕೊಂಡ ಉಪಾಯಗಳು ಎಂಬಲ್ಲಿಗೆ ವಾದ ತಲುಪುತ್ತದೆ. ಕೊನೆಯಲ್ಲಿ, ತನ್ನ ಸಿದ್ಧಾಂತ ನಿಲ್ಲದೆಂದು ಯಾರಾದರೂ ತೋರಿಸಿಕೊಟ್ಟರೆ ಅದನ್ನು ಬಿಟ್ಟುಕೊಡಲು ಸಿದ್ಧನೆಂಬ ಮಾತೂ ಇದೆ. ವ್ಯಾಖ್ಯೆಗಳ ಪರಿಶೀಲನೆ, ಆಕ್ಷೇಪ, ಭಾಗಶಃ ಒಪ್ಪಿಗೆ, ಸ್ವಂತ ಪ್ರತಿಪಾದನೆ, ಅದರ ಪರೀಕ್ಷೆ, ಮಿತಿಯ ಅರಿವು ಎಂಬ ಅಷ್ಟೂ ಮೆಟ್ಟಿಲುಗಳು ಒಂದೇ ಪ್ರಬಂಧದಲ್ಲಿವೆ. ಇದನ್ನು ಬರೆದವರ ಮನೆಮಾತು ಇಂಗ್ಲಿಷಾಗಿರಲಿಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ನೆನಪಿಸುವುದು ಒಳ್ಳೆಯದು.

ನಮ್ಮ ತರಗತಿಗಳಲ್ಲಿ ಇಂಥ ಪ್ರಬಂಧ ಏನಾಗುತ್ತದೆ? ‘ಜಾತಿಯ ಉಗಮದ ಬಗ್ಗೆ ಅಂಬೇಡ್ಕರರ ವಿಚಾರಗಳು’ ಎಂಬ ತಲೆಬರಹದಡಿ ಆರು ಅಂಶಗಳಾಗುತ್ತದೆ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಅವರ ‘ಸಂಸ್ಕೃತೀಕರಣ’ಕ್ಕೂ ಇದೇ ಗತಿ. 1952ರಲ್ಲಿ ಕೊಡವರನ್ನು ಕುರಿತ ಗ್ರಂಥದಲ್ಲಿ ಆ ಪರಿಕಲ್ಪನೆ ಬಂದಾಗ ಅದು ಬ್ರಾಹ್ಮಣ ಆಚಾರಗಳ ಅನುಕರಣೆಗೆ ಒತ್ತು ಕೊಟ್ಟಿತ್ತು. 1956ರ ಲೇಖನವೊಂದರಲ್ಲಿ ಶ್ರೀನಿವಾಸ್ ಅದನ್ನು ಮತ್ತೆ ಪರಿಶೀಲಿಸಿದರು. ಡೇವಿಡ್ ಪೋಕಾಕ್ ರಾಜಮಾದರಿಯತ್ತ ಗಮನ ಸೆಳೆದರು. 1966ರ ‘ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ’ದ ಹೊತ್ತಿಗೆ, ಬ್ರಾಹ್ಮಣ ಮಾದರಿಗೆ ತಾವು ಅತಿಯಾದ ಮಹತ್ವ ಕೊಟ್ಟಿದ್ದೆವೆಂದು ಸ್ವತಃ ಶ್ರೀನಿವಾಸರೇ ಒಪ್ಪಿ, ಕ್ಷತ್ರಿಯ, ವೈಶ್ಯ ಮುಂತಾದ ಮಾದರಿಗಳಿಗೂ ಜಾಗ ಮಾಡಿಕೊಟ್ಟರು. ಹದಿನಾಲ್ಕು ವರ್ಷಗಳ ಈ ಜೀವಂತ ಚರ್ಚೆ ನಮ್ಮ ನೋಟ್ಸುಗಳಲ್ಲಿ ‘ಅರ್ಥ, ವ್ಯಾಖ್ಯೆ, ಲಕ್ಷಣಗಳು, ಟೀಕೆಗಳು’ ಎಂಬ ನಾಲ್ಕು ಉಪಶೀರ್ಷಿಕೆಗಳಲ್ಲಿ ಹೆಪ್ಪುಗಟ್ಟಿ ಕುಳಿತಿದೆ. ಪ್ರಶ್ನೆಪತ್ರಿಕೆಯೂ ‘ಲಕ್ಷಣಗಳನ್ನು ವಿವರಿಸಿ’ ಎಂದೇ ಕೇಳುತ್ತದೆ. ವಿದ್ಯಾರ್ಥಿ ಲಕ್ಷಣಗಳನ್ನು ವಿವರಿಸುತ್ತಾನೆ, ಅಂಕ ಪಡೆಯುತ್ತಾನೆ. ಒಬ್ಬ ದೊಡ್ಡ ವಿದ್ವಾಂಸ ತನ್ನ ಮಾತನ್ನು ತಾನೇ ತಿದ್ದಿಕೊಂಡ ಎಂಬುದು ಅವನಿಗೆ ತಿಳಿಯುವುದೇ ಇಲ್ಲ.

ಇನ್ನು ಭಾಷೆಯ ಪ್ರಶ್ನೆ. ಭಾಷೆಯ ತೊಡಕು ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಆ ತೊಡಕು ಎಲ್ಲಿದೆ ಎಂಬುದನ್ನು ನಿಖರವಾಗಿ ಗುರುತಿಸಬೇಕು. ಕನ್ನಡದಲ್ಲಿ ಬೇರೆಯವರ ಮಾತನ್ನು ಹೇಳುವಾಗ ನಾವು ಅದಕ್ಕೊಂದು ಗುರುತು ಹಾಕುತ್ತೇವೆ. ‘ಬಂದನು’ ಎಂಬುದಕ್ಕೂ ‘ಬಂದನಂತೆ’ ಎಂಬುದಕ್ಕೂ ಇರುವ ಅಂತರ ಹಳ್ಳಿಯ ಮಗುವಿಗೂ ಗೊತ್ತು. ‘ಎಂದು’, ‘ಎಂಬ’, ‘ಅಂತೆ’ ಇವು ಮಾತಿನ ಹೊಣೆ ಯಾರದೆಂದು ಕೇಳುಗನಿಗೆ ಆಗಾಗ ತಿಳಿಸುತ್ತಲೇ ಇರುತ್ತವೆ. ಇಂಗ್ಲಿಷಿನ ಶಾಸ್ತ್ರೀಯ ಗದ್ಯ ಹಾಗಲ್ಲ. ಪ್ಯಾರಾದ ಮೊದಲ ವಾಕ್ಯದಲ್ಲಿ ‘ಇಂಥವರ ಪ್ರಕಾರ’ ಎಂದು ಒಮ್ಮೆ ಹೇಳಿ, ಮುಂದಿನ ಎಂಟು ವಾಕ್ಯಗಳನ್ನು ಯಾವ ಗುರುತೂ ಇಲ್ಲದೆ ಸಾಗಿಸಿಬಿಡುತ್ತದೆ. ಆಮೇಲೆ ಎಲ್ಲೋ ಒಂದೆಡೆ ‘ಹೌಎವರ್’ ಎಂಬ ಒಂದೇ ಪದ ಬರುತ್ತದೆ, ಅಲ್ಲಿಗೆ ಮಾತನಾಡುವವನೇ ಬದಲಾಗಿಬಿಟ್ಟಿರುತ್ತಾನೆ. ಈ ತಿರುವನ್ನು ಕಾಣದವನು ಪೂರ್ವಪಕ್ಷವನ್ನು ಸಿದ್ಧಾಂತವೆಂದು ಓದುತ್ತಾನೆ. ಹಾಗೆಯೇ ‘ಮೇ’, ‘ಸಜೆಸ್ಟ್ಸ್’, ‘ಟೆಂಡ್ಸ್ ಟು’ ಎಂಬ ಪುಟ್ಟ ಪದಗಳು. ಲೇಖಕ ‘ಹೀಗಿರಬಹುದು’ ಎಂದದ್ದನ್ನು ವಿದ್ಯಾರ್ಥಿ ‘ಹೀಗಿದೆ’ ಎಂದು ಟಿಪ್ಪಣಿ ಮಾಡಿಕೊಳ್ಳುತ್ತಾನೆ. ಈ ಹತ್ತಿಪ್ಪತ್ತು ಪದಗಳ ಮರ್ಮವನ್ನು ಒಂದು ತಿಂಗಳಲ್ಲಿ ಕಲಿಸಬಹುದು. ಆದರೆ ನಮ್ಮ ಇಂಗ್ಲಿಷ್ ಪಠ್ಯಗಳು ಕ್ರಿಯಾಪದದ ಕಾಲರೂಪಗಳನ್ನು, ಅರ್ಜಿ ಬರೆಯುವ ಕ್ರಮವನ್ನು, ‘ಸಂವಹನ ಕೌಶಲ’ವನ್ನು ಕಲಿಸುತ್ತವೆ. ವಾದವನ್ನು ಓದಿಸುವುದು ಸಮಾಜಶಾಸ್ತ್ರದವರ ಕೆಲಸವೆಂದು ಇಂಗ್ಲಿಷ್ ವಿಭಾಗವೂ, ಅದು ಇಂಗ್ಲಿಷಿನವರ ಕೆಲಸವೆಂದು ಸಮಾಜಶಾಸ್ತ್ರ ವಿಭಾಗವೂ ತಿಳಿದುಕೊಂಡಿರುವುದರಿಂದ, ಅದು ಯಾರ ಕೆಲಸವೂ ಆಗದೆ ಉಳಿದಿದೆ.

ಇಂಗ್ಲಿಷ್ ಮನೆಮಾತಾಗಿರುವವರಿಗೂ ಈ ವಿದ್ಯೆ ಹುಟ್ಟಿನಿಂದ ಬರುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರ ‘ದಿ ಸೋಷಿಯಲಾಜಿಕಲ್ ಇಮ್ಯಾಜಿನೇಷನ್’ ಗ್ರಂಥದಲ್ಲಿ ಟಾಲ್ಕಟ್ ಪಾರ್ಸನ್ಸ್ ಅವರ ಬಿಗಿಯಾದ ಗದ್ಯದ ಭಾಗಗಳನ್ನೆತ್ತಿಕೊಂಡು, ಅವನ್ನು ಸರಳ ಇಂಗ್ಲಿಷಿಗೆ ‘ಅನುವಾದಿಸಿ’ ತೋರಿಸಿದರು. 555 ಪುಟಗಳ ‘ದಿ ಸೋಷಿಯಲ್ ಸಿಸ್ಟಮ್’ ಅನ್ನು ಸುಮಾರು 150 ಪುಟಗಳಲ್ಲಿ ಹೇಳಬಹುದೆಂಬುದು ಅವರ ಲೆಕ್ಕಾಚಾರವಾಗಿತ್ತು. ಹೊವರ್ಡ್ ಬೆಕರ್ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಬರವಣಿಗೆಯದ್ದೇ ಒಂದು ಗೋಷ್ಠಿ ನಡೆಸಿದರು. ಆ ಅನುಭವದಿಂದ 1986ರಲ್ಲಿ ಸಮಾಜವಿಜ್ಞಾನಿಗಳ ಬರವಣಿಗೆ ಕುರಿತ ಅವರ ಪುಸ್ತಕ ರೂಪುಗೊಂಡಿತು. ಅಲ್ಲಿಯ ವಿದ್ಯಾರ್ಥಿಗಳು ವ್ಯಾಕರಣದಲ್ಲಿ ತಪ್ಪುವವರಾಗಿರಲಿಲ್ಲ. ಆದರೂ ಮೊದಲ ಕರಡು ಕೆಟ್ಟದಾಗಿರುತ್ತದೆ, ತಿದ್ದಿ ಬರೆಯುವುದೇ ಬರವಣಿಗೆ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕಾಗಿತ್ತು. ಅಲ್ಲಿ ಕಲಿಸಬೇಕಾದದ್ದನ್ನು ಇಲ್ಲಿ ಕಲಿಸದೆಯೇ ಬರಲಿ ಎಂದು ನಾವು ನಿರೀಕ್ಷಿಸುತ್ತಿದ್ದೇವೆ.

ಇದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದು ಮುಖ್ಯವಾದ ಪ್ರಶ್ನೆ. 2002ರಲ್ಲಿ ಗೋಪಾಲ್ ಗುರು ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದ ಲೇಖನವೊಂದು ಭಾರತದ ಸಮಾಜವಿಜ್ಞಾನಗಳು ಎಷ್ಟರಮಟ್ಟಿಗೆ ಸಮತಾವಾದಿ ಎಂದು ಕೇಳಿತು. ಸಿದ್ಧಾಂತ ಕಟ್ಟುವವರು ಒಂದು ಕಡೆ, ಅನುಭವದ ವಿವರ ಒದಗಿಸುವವರು ಇನ್ನೊಂದು ಕಡೆ ಎಂಬ ವಿಭಜನೆ ಜ್ಞಾನಕ್ಷೇತ್ರದಲ್ಲಿಯೂ ವರ್ಣವ್ಯವಸ್ಥೆಯನ್ನೇ ಮರುಸೃಷ್ಟಿಸಿದೆ ಎಂಬುದು ಅವರ ಆರೋಪವಾಗಿತ್ತು. ನಮ್ಮ ರಾಜ್ಯದ ಸಂಶೋಧನಾ ಯೋಜನೆಗಳಲ್ಲಿ ಈ ವಿಭಜನೆಯನ್ನು ಕಣ್ಣಾರೆ ಕಾಣಬಹುದು. ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗುವವರು, ಜನರೊಡನೆ ಅವರದೇ ಮಾತಿನಲ್ಲಿ ಮಾತನಾಡಿ ವಿವರ ತರುವವರು ಗ್ರಾಮಾಂತರದಿಂದ ಬಂದ ಕನ್ನಡದ ಯುವಕ ಯುವತಿಯರು. ಆ ವಿವರದ ಅರ್ಥವೇನೆಂದು ಬರೆಯುವವರು ಬೇರೆಯವರು. ಮೊದಲನೆಯವರ ಹೆಸರು ಕೃತಜ್ಞತೆಯ ಪುಟದಲ್ಲಿ, ಎರಡನೆಯವರ ಹೆಸರು ರಕ್ಷಾಪುಟದ ಮೇಲೆ. ಊರಿನ ಜಾತಿ, ಒಳಜಾತಿ, ಬೆಡಗು, ಬಳಿಗಳ ಸೂಕ್ಷ್ಮವನ್ನು ಬದುಕಿಯೇ ಬಲ್ಲವನಿಗೆ, ‘ಕಾಸ್ಟ್’ ಎಂಬ ಒಂದೇ ಪದ ವರ್ಣವನ್ನೂ ಜಾತಿಯನ್ನೂ ಒಂದೇ ಚೀಲಕ್ಕೆ ತುಂಬಿ ಗೊಂದಲ ಮಾಡುತ್ತದೆಂದು ಹೇಳುವ ಅಧಿಕಾರ ಎಲ್ಲರಿಗಿಂತ ಹೆಚ್ಚು ಇದೆ. ಆದರೆ ಹಾಗೆ ಹೇಳಬೇಕಾದ ಕ್ರಮ ಅವನ ಕೈಗೆ ಸಿಕ್ಕಿಲ್ಲ.

ಪರೀಕ್ಷಾ ವ್ಯವಸ್ಥೆ ಈ ಕೊರತೆಯನ್ನು ತುಂಬುವ ಬದಲು ಮುಚ್ಚಿಹಾಕಿದೆ. ಯುಜಿಸಿಯ ಎನ್‌ಇಟಿ ಪರೀಕ್ಷೆಯ ಮೂರನೆಯ ಪತ್ರಿಕೆ ಮೊದಲು ವಿವರಣಾತ್ಮಕವಾಗಿತ್ತು. 2012ರ ಜೂನ್‌ನಿಂದ ಅದೂ ಬಹು ಆಯ್ಕೆಯ ಪ್ರಶ್ನೆಗಳಿಗೆ ತಿರುಗಿತು. ಅಂದರೆ ಒಂದು ಪುಟದಷ್ಟೂ ವಾದವನ್ನು ಸ್ವಂತವಾಗಿ ಬರೆಯದೆಯೇ ಒಬ್ಬರು ಸಹಾಯಕ ಪ್ರಾಧ್ಯಾಪಕರಾಗುವ ಅರ್ಹತೆ ಗಳಿಸಬಹುದು. 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ಬಂದಿತು. ಪ್ರಬಂಧದಲ್ಲಿ ಶೇ 10ಕ್ಕಿಂತ ಹೆಚ್ಚು ಸಾಮ್ಯ ಕಂಡರೆ ದಂಡನೆಯ ಮೆಟ್ಟಿಲುಗಳು ಆರಂಭವಾಗುತ್ತವೆ, ಶೇ 60 ದಾಟಿದರೆ ನೋಂದಣಿಯೇ ರದ್ದು. ನಿಯಮ ಸರಿಯಾದದ್ದೇ. ಆದರೆ ಬೇರೆಯವರ ವಿಚಾರವನ್ನು ತನ್ನ ಮಾತಿನಲ್ಲಿ ಹೇಳಿ, ಅದರಿಂದ ತಾನು ಎಲ್ಲಿ ಭಿನ್ನ ಎಂದು ತೋರಿಸುವುದನ್ನು ಯಾರೂ ಕಲಿಸದಿದ್ದಾಗ, ಸಂಶೋಧಕ ಪದಗಳನ್ನು ಅತ್ತಿತ್ತ ಬದಲಿಸಿ ಯಂತ್ರದ ಕಣ್ಣಿಗೆ ಮಣ್ಣೆರಚುವುದನ್ನು ಕಲಿಯುತ್ತಾನೆ. ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಸಾಧನಗಳು ಆ ಶ್ರಮವನ್ನೂ ತಪ್ಪಿಸಿವೆ. ಲೇಖನ ಕೊಟ್ಟರೆ ಸಾರಾಂಶ, ವಿಷಯ ಕೊಟ್ಟರೆ ಲೇಖನ. ಆ ಸಾರಾಂಶ ಸರಿಯೇ ಎಂದು ಹೇಳಬಲ್ಲವನು ಮೂಲವನ್ನು ಓದಬಲ್ಲವನು ಮಾತ್ರ. ಯಂತ್ರ ಹೆಚ್ಚು ನುಣುಪಾದಷ್ಟೂ ಓದಿನ ಶಿಸ್ತಿನ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇದಕ್ಕೆ ಎರಡು ಬಗೆಯ ಆಕ್ಷೇಪಗಳು ಬರಬಹುದು. ಮೊದಲನೆಯದು, ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬುದು. ಮಾಧ್ಯಮದ ವಾದ 2014ರ ಸುಪ್ರೀಂ ಕೋರ್ಟ್ ತೀರ್ಪಿನ ಮೂಲಕ ಹಾದು, 2019ರಲ್ಲಿ ಸರ್ಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವವರೆಗೆ ಬಂದಿದೆ. ಆ ವಿವಾದದ ಗುಣದೋಷ ಏನೇ ಇರಲಿ, ಇಂಗ್ಲಿಷ್ ಮಾಧ್ಯಮದಲ್ಲೇ ಓದಿಬಂದ ವಿದ್ಯಾರ್ಥಿಗಳು ನನ್ನ ತರಗತಿಗಳಲ್ಲಿ ಇದ್ದಾರೆ. ಅವರು ನಿರರ್ಗಳವಾಗಿ ಮಾತನಾಡುತ್ತಾರೆ, ಕಾಗುಣಿತ ತಪ್ಪುವುದಿಲ್ಲ. ಲೇಖಕ ಯಾರಿಗೆ ಉತ್ತರ ಕೊಡುತ್ತಿದ್ದಾನೆ ಎಂದು ಕೇಳಿದರೆ ಅವರೂ ಮೌನವಾಗುತ್ತಾರೆ. ಎರಡನೆಯ ಆಕ್ಷೇಪ, ಇಂಗ್ಲಿಷಿನ ಹಂಗೇಕೆ, ಸಮಾಜಶಾಸ್ತ್ರವನ್ನು ಕನ್ನಡದಲ್ಲೇ ಬರೆಯೋಣ ಎಂಬುದು. ಈ ಮಾತಿನಲ್ಲಿ ನನಗೆ ಪೂರ್ಣ ಗೌರವವಿದೆ. 1991ರಲ್ಲಿ ಹಂಪಿಯಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಆ ದಿಕ್ಕಿನಲ್ಲಿ ಕೆಲಸ ಮಾಡಿದೆ. ಆದರೆ ನಮ್ಮ ಊರುಗಳನ್ನು ಕುರಿತ ತೀರ್ಮಾನಗಳು ಇಂಗ್ಲಿಷಿನಲ್ಲಿ ಮಂಡಿತವಾಗುತ್ತಿರುವಾಗ, ಅವನ್ನು ಓದಿ ‘ಇದು ಹಾಗಲ್ಲ’ ಎಂದು ಅಲ್ಲಿಯೇ ಉತ್ತರಿಸಬಲ್ಲವರು ನಮ್ಮಲ್ಲಿ ಇರಲೇಬೇಕು. ಶ್ರೀನಿವಾಸ್ 1948ರಲ್ಲಿ ಮೈಸೂರು ಸಮೀಪದ ಹಳ್ಳಿಯಲ್ಲಿ ಕುಳಿತು ಕನ್ನಡದಲ್ಲಿ ಕೇಳಿದ್ದನ್ನು 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಎಂದು ಇಂಗ್ಲಿಷಿನಲ್ಲಿ ಬರೆದರು. ಆ ಊರಿನವರ ಮೊಮ್ಮಕ್ಕಳಲ್ಲಿ ಒಬ್ಬರು ಆ ಗ್ರಂಥವನ್ನು ಓದಿ ಅದಕ್ಕೊಂದು ಪ್ರತ್ಯುತ್ತರ ಬರೆಯಬಲ್ಲರಾದರೆ ಅದೇ ನಿಜವಾದ ಸಮಾಜಶಾಸ್ತ್ರ.

ಈ ವಿದ್ಯೆಗೆ ಬೇಕಾದ ಬೇರು ನಮ್ಮಲ್ಲಿ ಇಲ್ಲವೆಂದಲ್ಲ. ಪೂರ್ವಪಕ್ಷವನ್ನು ಮೊದಲು ಸಮರ್ಥವಾಗಿ ಮಂಡಿಸಿ ಆಮೇಲೆ ಖಂಡಿಸುವುದು ನಮ್ಮ ಶಾಸ್ತ್ರಗಳ ಹಳೆಯ ಮರ್ಯಾದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮನ ಎದುರು ನಿಂತವರು ಸುಮ್ಮನೆ ತಲೆಬಾಗುವುದಿಲ್ಲ, ವಾದಿಸಿಯೇ ಒಪ್ಪುತ್ತಾರೆ. ಕರಾವಳಿಯ ತಾಳಮದ್ದಲೆಯಲ್ಲಿ ಇಂದು ವಾಲಿಯಾಗಿ ರಾಮನನ್ನು ಪ್ರಶ್ನಿಸಿದ ಅರ್ಥಧಾರಿ ನಾಳೆ ರಾಮನಾಗಿ ಕುಳಿತು ವಾಲಿಗೆ ಉತ್ತರ ಕೊಡುತ್ತಾನೆ. ಮಾತು ಪಾತ್ರದ್ದೋ ಕಲಾವಿದನದ್ದೋ ಎಂಬ ಗೊಂದಲ ಅಲ್ಲಿಯ ಪ್ರೇಕ್ಷಕನಿಗೆ ಎಂದೂ ಆಗುವುದಿಲ್ಲ. ಲೇಖನವನ್ನೂ ಹಾಗೆಯೇ ಓದಬಹುದು ಎಂದು ತೋರಿಸಿದ ದಿನ ವಿದ್ಯಾರ್ಥಿಗಳ ಮುಖದಲ್ಲಿ ಬೆಳಕು ಮೂಡುವುದನ್ನು ನಾನು ಕಂಡಿದ್ದೇನೆ. ಒಂದು ಪುಟ ತೆಗೆದುಕೊಂಡು ಲೇಖಕನ ವಾಕ್ಯಗಳಿಗೆ ಒಂದು ಬಣ್ಣ, ಎದುರಾಳಿಯ ವಾಕ್ಯಗಳಿಗೆ ಇನ್ನೊಂದು ಬಣ್ಣ ಹಚ್ಚಿಸಿದರೆ ಸಾಕು, ಒಂದು ಗಂಟೆಯಲ್ಲಿ ಅರ್ಧ ಸಮಸ್ಯೆ ಕರಗುತ್ತದೆ.

ಮಾಡಬೇಕಾದದ್ದು ದುಬಾರಿಯೇನಲ್ಲ. ಪ್ರತಿ ಸೆಮಿಸ್ಟರಿಗೆ ಕೇವಲ ಎರಡು ಲೇಖನಗಳನ್ನು ಆರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ತರಗತಿಯಲ್ಲಿಯೇ ಓದಬೇಕು. ಲೇಖಕ ಕೇಳಿದ ಪ್ರಶ್ನೆ ಯಾವುದು, ಅವನು ಯಾರನ್ನು ಒಪ್ಪುತ್ತಿಲ್ಲ, ಅವನ ಸಾಕ್ಷ್ಯವೇನು, ಆ ಸಾಕ್ಷ್ಯ ಅವನ ತೀರ್ಮಾನವನ್ನು ಹೊರಬಲ್ಲುದೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಮೊದಲ ಚರ್ಚೆ, ಮೊದಲ ಸಾರಾಂಶ ಕನ್ನಡದಲ್ಲಿಯೇ ಆಗಲಿ. ವಾದ ಒಮ್ಮೆ ಮನಸ್ಸಿನಲ್ಲಿ ಕಟ್ಟಿಕೊಂಡ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವ ಕಷ್ಟ ಬಹಳ ತಗ್ಗುತ್ತದೆ. ಕರ್ನಾಟಕ ಸರ್ಕಾರವೇ ಅಂಬೇಡ್ಕರರ ಬರಹ ಮತ್ತು ಭಾಷಣಗಳ ಕನ್ನಡ ಸಂಪುಟಗಳನ್ನು ಪ್ರಕಟಿಸಿರುವುದರಿಂದ ಮೂಲ ಮತ್ತು ಅನುವಾದಗಳನ್ನು ಅಕ್ಕಪಕ್ಕ ಇಟ್ಟು ಓದಿಸಲು ಯಾವ ಅಡ್ಡಿಯೂ ಇಲ್ಲ. ಬರೆದದ್ದನ್ನು ಅಧ್ಯಾಪಕರು ಅಂಕ ಹಾಕಿ ಮೂಲೆಗೆ ಸೇರಿಸದೆ, ಟಿಪ್ಪಣಿ ಬರೆದು ಹಿಂದಿರುಗಿಸಿ, ಎರಡನೆಯ ಕರಡನ್ನು ಕೇಳಬೇಕು. ಪರೀಕ್ಷೆಯಲ್ಲಿ, ತರಗತಿಯಲ್ಲಿ ಓದದ ಒಂದು ಪ್ಯಾರಾ ಕೊಟ್ಟು, ‘ಇಲ್ಲಿ ಲೇಖಕರ ನಿಲುವೇನು, ಅವರು ಅಲ್ಲಗಳೆಯುತ್ತಿರುವುದು ಏನನ್ನು?’ ಎಂಬ ಒಂದೇ ಪ್ರಶ್ನೆ ಸೇರಿಸಿದರೂ ನೋಟ್ಸಿನ ಸಾಮ್ರಾಜ್ಯಕ್ಕೆ ಮೊದಲ ಬಿರುಕು ಬೀಳುತ್ತದೆ.

ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆಯೇ ನಡೆಯುವ ಕಾಲೇಜುಗಳಲ್ಲಿ, ನೂರಾರು ಉತ್ತರಪತ್ರಿಕೆಗಳ ನಡುವೆ, ಇದಕ್ಕೆಲ್ಲ ಸಮಯವೆಲ್ಲಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. ಅಧ್ಯಾಪಕರ ಕಾಯಂ ನೇಮಕಾತಿಯ ಪ್ರಶ್ನೆಯನ್ನು ಬದಿಗಿಟ್ಟು ಕಲಿಕೆಯ ಗುಣಮಟ್ಟದ ಮಾತಾಡುವುದು ಆತ್ಮವಂಚನೆಯಾದೀತು. ಆದರೆ ಪಠ್ಯಕ್ರಮದಲ್ಲಿ ನಲವತ್ತು ಚಿಂತಕರ ಹೆಸರುಗಳನ್ನು ಉರು ಹೊಡೆಸಲು ದೊರೆಯುವ ಸಮಯದಲ್ಲಿ ಇಬ್ಬರು ಚಿಂತಕರನ್ನು ನಿಜವಾಗಿ ಓದಿಸಲು ಸಾಧ್ಯವಿದೆ. ಯಾವುದನ್ನು ಕೈಬಿಡಬೇಕೆಂದು ನಿರ್ಧರಿಸುವ ಧೈರ್ಯ ಅಧ್ಯಯನ ಮಂಡಳಿಗಳಿಗೆ ಬೇಕು.

ನಮ್ಮ ಪದವೀಧರರು ನಾಳೆ ಎಲ್ಲರೂ ಸಮಾಜಶಾಸ್ತ್ರಜ್ಞರಾಗುವುದಿಲ್ಲ. ಬಹುಪಾಲು ಜನ ಶಿಕ್ಷಕರು, ಗುಮಾಸ್ತರು, ಪತ್ರಕರ್ತರು, ಪಂಚಾಯಿತಿಯ ಅಧಿಕಾರಿಗಳಾಗುತ್ತಾರೆ. ಮೀಸಲಾತಿಯ ವರದಿ, ಜಾತಿ ಸಮೀಕ್ಷೆಯ ಅಂಕಿಅಂಶ, ನ್ಯಾಯಾಲಯದ ತೀರ್ಪು ಅವರ ಮುಂದೆ ಬರುತ್ತಲೇ ಇರುತ್ತವೆ. ತೀರ್ಪಿನಲ್ಲಿ ನ್ಯಾಯಾಧೀಶರು ವಕೀಲರ ವಾದವನ್ನು ಸಂಗ್ರಹಿಸಿ ಹೇಳಿದ ಸಾಲನ್ನೇ ತೀರ್ಪೆಂದು ಹಂಚಿಕೊಂಡು ಊರೆಲ್ಲ ಕೋಲಾಹಲವೆಬ್ಬಿಸುವುದನ್ನು ನಾವು ದಿನವೂ ನೋಡುತ್ತಿದ್ದೇವೆ. ಒಂದು ಮಾತು ಯಾರದು, ಯಾವ ಮಾತಿಗೆ ಉತ್ತರವಾಗಿ ಬಂದದ್ದು, ಎಷ್ಟು ಖಚಿತವಾಗಿ ಹೇಳಿದ್ದು ಎಂದು ಬೇರ್ಪಡಿಸಿ ನೋಡಬಲ್ಲ ಮನಸ್ಸನ್ನು ತಯಾರು ಮಾಡುವುದು ವಿಶ್ವವಿದ್ಯಾಲಯದ ಕನಿಷ್ಠ ಹೊಣೆ. ಆ ಹೊಣೆಯನ್ನು ‘ಅವರಿಗೆ ಇಂಗ್ಲಿಷ್ ಬರುವುದಿಲ್ಲ’ ಎಂಬ ಒಂದು ವಾಕ್ಯದ ಹಿಂದೆ ಅಡಗಿಸಿಡುವುದನ್ನು ಇನ್ನಾದರೂ ಬಿಡಬೇಕು.